ಪುಟ್ಟ ಪರದೆಯ ಬೋರ್ಡಲ್ಲಿ ಮಳೆ ಲೆಕ್ಕ: ಪರದೆ ಕಪ್ಪಗೇ ಇದೆ, ಯಾರಾದರೂ ನೋಡಿ

ಜಗಲಿಕಟ್ಟೆ (ಸೋಮವಾರ ರಾತ್ರಿ)

ನಮ್ಮದು ಮೂಡಿಗೆರೆ ತಾಲೂಕಲ್ಲಿ ಸಣ್ಣ ಕಾಫಿ ತೋಟ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಪ್ಪ ಅಂಗಳದ ಮಳೆ ಮಾಪಕದ ಹತ್ತಿರ ಹೋಗುತ್ತಾರೆ. ಒಳಗಿನ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ಇಂಚು, ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರ್ ಅಂದರೆ ಅವರಿಗೆ ಸಿಟ್ಟು ಬರುತ್ತದೆ.

ಈಗ ಅವರಿಗೆ ಮೊಣಕಾಲು ನೋವು. ಆದರೂ ರಾತ್ರಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದರೆ ಎಷ್ಟು ಬಿತ್ತು ಅಂತ ಗೊತ್ತಾಗುವ ತನಕ ನಿದ್ದೆ ಮಾಡುವುದಿಲ್ಲ. ಟಾರ್ಚ್ ಹಿಡಿದು ಜಾರುವ ಅಂಗಳಕ್ಕೆ ಇಳಿಯುತ್ತಾರೆ. ಅದಕ್ಕೇ ಜಗಲಿಯಲ್ಲಿ ಕೂತೇ ಮಳೆ ಎಷ್ಟು ಅಂತ ನೋಡುವ ಹಾಗೆ ಮಾಡೋಣ ಅಂತ ಹೊರಟೆ. ಬಟ್ಟಲು ಮಗುಚುವ ಪ್ಲಾಸ್ಟಿಕ್ ಮಳೆ ಮಾಪಕ ಒಂದು ತರಿಸಿದೆ. ಜೊತೆಗೆ ಲಿಲಿಗೋ ಟಿ-ಡಿಸ್‌ಪ್ಲೇ ಬೋರ್ಡ್. ಇಎಸ್‌ಪಿ32 ಚಿಪ್, ಅದರ ಮೇಲೇ 1.14 ಇಂಚಿನ ಬಣ್ಣದ ಪರದೆ.

ಪ್ರೋಗ್ರಾಮ್ ಬರೆದು ಬೋರ್ಡಿಗೆ ಕಳಿಸುವ ಆರ್ಡುಯಿನೋ ಐಡಿಇ ಹಾಕಿಕೊಂಡೆ. ಇಎಸ್‌ಪಿ32 ಬೋರ್ಡ್ ಪ್ಯಾಕೇಜ್ ಹಾಕಿದೆ. ಪರದೆ ನಡೆಸುವ ಸಿದ್ಧ ಕೋಡ್, ಟಿಎಫ್‌ಟಿ-ಇಎಸ್‌ಪಿಐ ಲೈಬ್ರರಿ ಹಾಕಿದೆ. ಉದಾಹರಣೆ ಪ್ರೋಗ್ರಾಮ್ ಒಂದನ್ನು ಅಪ್‌ಲೋಡ್ ಮಾಡಿದೆ, ಪೂರ್ತಿ ಆಯಿತು ಅಂತಲೂ ಬಂತು. ಪರದೆ ಮಾತ್ರ ಕಪ್ಪಗೇ ಇದೆ. ಮೂರು ಸಂಜೆ ಇದರಲ್ಲೇ ಹೋಯಿತು. ಬೋರ್ಡೇ ಹಾಳಾಗಿದೆಯಾ?

ಕೊನೆಬೆಂಚು (ಸೋಮವಾರ ರಾತ್ರಿ)

ಕೇಬಲ್ ಬದಲಿಸಿ ನೋಡಿ. ಫೋನ್ ಚಾರ್ಜರ್ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಜಗಲಿಕಟ್ಟೆ

ಮೊದಲ ಸಂಜೆ ಹೋದದ್ದು ಅದಕ್ಕೇ! ಕೇಬಲ್ ಬದಲಿಸಿದ ಮೇಲೆ ಪೋರ್ಟ್ ಕಾಣಿಸಿತು. ಎರಡನೇ ಸಂಜೆ ಡ್ರೈವರ್‌ಗೆ ಹೋಯಿತು. ಬೋರ್ಡಿನ ಯುಎಸ್‌ಬಿ ಚಿಪ್ ಸಿಪಿ2104 ಅಂತ ಎಲ್ಲೋ ಓದಿ ಅದರ ಡ್ರೈವರ್ ಹಾಕಿದ್ದೆ, ನನ್ನ ಬೋರ್ಡಲ್ಲಿ ಇದ್ದದ್ದು ಸಿಎಚ್9102. ಈಗ ಅಪ್‌ಲೋಡ್ ಸರಾಗವಾಗಿ ಆಗುತ್ತಿದೆ. ಪರದೆಯದ್ದೇ ತೊಂದರೆ.

ಬೆಸುಗೆ (ಹಾಸನ)

ಕಪ್ಪು ಅಂದರೆ ಯಾವ ಕಪ್ಪು? ಕೋಣೆಯ ಲೈಟ್ ಆರಿಸಿ, ಬೋರ್ಡನ್ನು ಓರೆಯಾಗಿ ಹಿಡಿದು ನೋಡಿ. ಮಬ್ಬು ಬೂದು ಬೆಳಕು ಕಾಣುತ್ತದೆಯಾ, ಇಲ್ಲ ಸೀಮೆಎಣ್ಣೆ ಡಬ್ಬಿ ಒಳಗೆ ನೋಡಿದ ಹಾಗೆ ಪೂರ್ತಿ ಕತ್ತಲೆಯಾ? ಇವೆರಡೂ ಬೇರೆ ಬೇರೆ ಕಾಯಿಲೆ. ನಾನು ಟಿವಿ ರಿಪೇರಿ ಮಾಡಿಕೊಂಡು ಬಂದವನು. ಪರದೆ ವಿಷಯದಲ್ಲಿ ಮೊದಲ ಪ್ರಶ್ನೆ ಯಾವತ್ತೂ ಇದೇ.

ಜಗಲಿಕಟ್ಟೆ

ನೋಡಿದೆ. ಮಬ್ಬು ಬೆಳಕು ಇದೆ.

ಬೆಸುಗೆ

ಹಾಗಾದರೆ ಬೋರ್ಡ್ ಬದುಕಿದೆ. ಹಿಂಬೆಳಕು ಬರುತ್ತಿದೆ, ಚಿತ್ರ ಬರುತ್ತಿಲ್ಲ. ಪೂರ್ತಿ ಕತ್ತಲೆ ಇದ್ದಿದ್ದರೆ 4ನೇ ಪಿನ್ ನೋಡಿ ಅನ್ನುತ್ತಿದ್ದೆ. ಈ ಬೋರ್ಡಲ್ಲಿ ಹಿಂಬೆಳಕಿನ ಸ್ವಿಚ್ ಅದೇ.

ನೀವು ಹಾಕಿದ ಲೈಬ್ರರಿ ನೂರಾರು ಥರದ ಪರದೆಗಳಿಗೆ ಒಂದೇ. ನಿಮ್ಮ ಪರದೆ ಯಾವುದು ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ನೀವೇ ಹೇಳಬೇಕು. ಲೈಬ್ರರಿಯ ಫೋಲ್ಡರ್ ತೆರೆಯಿರಿ. ಅಲ್ಲಿ ಯೂಸರ್-ಸೆಟಪ್-ಸೆಲೆಕ್ಟ್ ಅಂತ ಒಂದು ಫೈಲ್ ಇದೆ. ಅದರಲ್ಲಿ ಸಾಲು ಸಾಲಾಗಿ ಸೆಟಪ್‌ಗಳು, ಹೆಚ್ಚಿನವುಗಳ ಮುಂದೆ ಎರಡು ಓರೆಗೆರೆ. ಗೆರೆ ಇದ್ದ ಸಾಲು ಲೆಕ್ಕಕ್ಕಿಲ್ಲ. ಈಗ ಯಾವುದರ ಗೆರೆ ತೆಗೆದಿದ್ದೀರಿ?

ಜಗಲಿಕಟ್ಟೆ

ಐಎಲ್‌ಐ9341 ಅಂತ ಇದ್ದ ಸಾಲಿನದು. ಇಎಸ್‌ಪಿ32 ಅಂತಲೂ ಅದರಲ್ಲಿತ್ತು, ಇದೇ ಇರಬೇಕು ಅಂದುಕೊಂಡೆ.

ಬೆಸುಗೆ

ಅದು ಬೇರೆ ಪರದೆ. ನಿಮ್ಮದು ಎಸ್‌ಟಿ7789. ಆ ಸಾಲಿಗೆ ಮತ್ತೆ ಗೆರೆ ಹಾಕಿ. ಯೂಸರ್-ಸೆಟಪ್ ಅಂತಷ್ಟೇ ಇರುವ ಸಾಲಿಗೂ ಹಾಕಿ. ಸೆಟಪ್25, ಟಿಟಿಜಿಓ ಟಿ-ಡಿಸ್‌ಪ್ಲೇ ಅನ್ನುವ ಸಾಲಿನ ಗೆರೆ ಮಾತ್ರ ತೆಗೆಯಿರಿ. ಎರಡು ಸಾಲು ಒಟ್ಟಿಗೆ ತೆರೆದಿಟ್ಟರೆ ಜಗಳ ಶುರು.

ಆ ಸೆಟಪ್ ಒಳಗೆ ಪಿನ್‌ಗಳೆಲ್ಲ ಸರಿಯಾಗಿ ಬರೆದಿವೆ. ಡೇಟಾ 19, ಗಡಿಯಾರ 18, ಚಿಪ್ ಸೆಲೆಕ್ಟ್ 5, ಡಿಸಿ 16, ರೀಸೆಟ್ 23, ಹಿಂಬೆಳಕು 4. ಬೇರೆ ಲೈಬ್ರರಿಗೆ ಹೋದರೂ ಇವೇ ಸಂಖ್ಯೆಗಳು ಬೇಕು, ಒಂದು ಚೀಟಿಯಲ್ಲಿ ಬರೆದು ಬೋರ್ಡ್ ಡಬ್ಬಿಗೆ ಅಂಟಿಸಿ. ನನ್ನ ಅಂಗಡಿಯ ಅರ್ಧ ಗೋಡೆ ಇಂಥ ಚೀಟಿಯೇ.

ಜಗಲಿಕಟ್ಟೆ (ಮಂಗಳವಾರ ಬೆಳಿಗ್ಗೆ)

ಬಂತು!! ಬಣ್ಣ ಬಣ್ಣದ ಗೆರೆ ಓಡುತ್ತಿವೆ. ಅಮ್ಮನನ್ನು ಕರೆದು ತೋರಿಸಿದೆ. "ಇಷ್ಟೇನಾ" ಅಂದರು. ಮೂರು ದಿನದ ಕಷ್ಟ ಅವರಿಗೇನು ಗೊತ್ತು.

ಕೊನೆಬೆಂಚು

ಒಂದು ಎಚ್ಚರಿಕೆ. ಲೈಬ್ರರಿ ಅಪ್‌ಡೇಟ್ ಮಾಡಬೇಕಾ ಅಂತ ಐಡಿಇ ಕೇಳುತ್ತಾ ಇರುತ್ತದೆ. ಹೂಂ ಅಂದರೆ ಆ ಸೆಲೆಕ್ಟ್ ಫೈಲ್ ಹೊಸದಾಗಿ ಬಂದು ಕೂತು, ನೀವು ಮಾಡಿದ ಬದಲಾವಣೆ ಅಳಿಸಿಹೋಗುತ್ತದೆ. ಮತ್ತೆ ಕಪ್ಪು ಪರದೆ. ನಮ್ಮ ಪ್ರಾಜೆಕ್ಟ್ ತೋರಿಸುವ ಹಿಂದಿನ ರಾತ್ರಿ ಹಾಸ್ಟೆಲಲ್ಲಿ ಇದೇ ಆಯಿತು. ಎರಡು ಗಂಟೆ ಬೋರ್ಡನ್ನು ಬೈದೆವು.

ಇನ್ನೊಂದು. ಇಎಸ್‌ಪಿ32 ಪ್ಯಾಕೇಜ್ 3.0 ಆದ ಮೇಲೆ ಕೆಲವು ಹಳೇ ಆದೇಶಗಳ ಹೆಸರುಗಳು ಹೋಗಿವೆ. ಹಿಂಬೆಳಕು ಹೆಚ್ಚು ಕಮ್ಮಿ ಮಾಡಲು ಬಳಸುವ ಲೆಡ್‌ಸಿ-ಸೆಟಪ್, ಲೆಡ್‌ಸಿ-ಅಟ್ಯಾಚ್-ಪಿನ್ ಎರಡೂ ಇಲ್ಲ, ಎರಡರ ಬದಲು ಲೆಡ್‌ಸಿ-ಅಟ್ಯಾಚ್ ಒಂದೇ. ಹಳೇ ಪಾಠ ನೋಡಿಕೊಂಡು ಬರೆದರೆ ಕಂಪೈಲ್ ಆಗುವುದಿಲ್ಲ. ತಪ್ಪು ನಿಮ್ಮದಲ್ಲ.

ಹೂಮಳೆ (ಸಕಲೇಶಪುರ)

ಬೋರ್ಡ್ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಮಳೆ ಬಗ್ಗೆ ಗೊತ್ತು. ನಿಮ್ಮ ಅಪ್ಪ ರಾತ್ರಿ ಟಾರ್ಚ್ ಹಿಡಿದು ಹೋಗುವುದರಲ್ಲಿ ಅರ್ಥ ಇದೆ. ರೋಬಸ್ಟಾ ಮೊಗ್ಗಿಗೆ ಒಂದು ಇಂಚು ಸಿಕ್ಕಿದರೆ ವಾರ, ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗುತ್ತದೆ. 30, 40 ಸೆಂಟಿಗೆ ನಿಂತುಹೋದರೆ ಹೂವು ಅರೆಬರೆ. ಆಗ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಬೇಕಾ ಬೇಡವಾ ಅಂತ ಬೇಗ ತೀರ್ಮಾನ ಆಗಬೇಕು. ಪೈಪ್ ಎಳೆಸಬೇಕು, ಡೀಸೆಲ್ ತರಿಸಬೇಕು, ಆಳುಗಳಿಗೆ ಹೇಳಬೇಕು. ಅದಕ್ಕೇ ಮಾಪಕದ ಮೇಲೆ ಅಷ್ಟು ಕಣ್ಣು.

ನಿಮ್ಮದು ಮುಗಿದ ಮೇಲೆ ನನಗೂ ಒಂದು ಮಾಡಿಕೊಡಿ.

ಜಗಲಿಕಟ್ಟೆ (ಬುಧವಾರ ಸಂಜೆ)

ಮಾಪಕ ಜೋಡಿಸಿದೆ. ಒಳಗೆ ಸೀ-ಸಾ ಆಟದ ಹಲಗೆಯ ಹಾಗೆ ಮೇಲೆ ಕೆಳಗೆ ಆಡುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಮಗುಚಿಕೊಂಡು ಇನ್ನೊಂದು ಮೇಲೆ ಬರುತ್ತದೆ. ನಡುವೆ ಅಯಸ್ಕಾಂತ, ಎದುರಿಗೆ ಅಯಸ್ಕಾಂತ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್. ಪ್ರತಿ ಸಲ ಮಗುಚಿದಾಗ ಸ್ವಿಚ್ ಒಮ್ಮೆ ಕೂಡಿ ಬಿಡುತ್ತದೆ. ಒಂದು ಸಲಕ್ಕೆ 0.2794 ಮಿಲಿಮೀಟರ್ ಅಂತ ಕೊಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅದು ಸರಿಯಾಗಿ 1.1 ಸೆಂಟ್. ಅಪ್ಪನ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಈಗ ಹೊಸ ತಮಾಷೆ. ಆಕಾಶದಲ್ಲಿ ಒಂದು ಮೋಡ ಇಲ್ಲ, ಜಗಲಿಯ ಪರದೆಯಲ್ಲಿ 14 ಇಂಚು ಮಳೆ. ನಾನು ಹತ್ತಿರ ಹೋದರೆ ಇನ್ನೂ ಜೋರು. ಕೈ ಆಡಿಸಿದರೆ ಆಷಾಢದ ಮಳೆ! ಅಪ್ಪ ನೋಡಿ ಏನೂ ಹೇಳಲಿಲ್ಲ. ಅದೇ ಜಾಸ್ತಿ ಬೇಜಾರು.

ಬೆಸುಗೆ

ಸ್ವಿಚ್ ಯಾವ ಪಿನ್‌ಗೆ ಕೊಟ್ಟಿದ್ದೀರಿ?

ಜಗಲಿಕಟ್ಟೆ

37. ಅಂಚಲ್ಲಿ ಖಾಲಿ ಇತ್ತು. ಪ್ರೋಗ್ರಾಮಲ್ಲಿ ಇನ್‌ಪುಟ್-ಪುಲ್‌ಅಪ್ ಅಂತಲೂ ಬರೆದಿದ್ದೇನೆ.

ಬೆಸುಗೆ

ಸಿಕ್ಕಿತು. ಇಎಸ್‌ಪಿ32ರಲ್ಲಿ 34ರಿಂದ 39ರ ತನಕದ ಪಿನ್‌ಗಳು ಒಳಗೆ ಬರುವುದಕ್ಕೆ ಮಾತ್ರ. ಅವಕ್ಕೆ ಒಳಗಿನ ಪುಲ್‌ಅಪ್, ಅಂದರೆ ಸ್ವಿಚ್ ತೆರೆದಿದ್ದಾಗ ಪಿನ್ನನ್ನು 3.3 ವೋಲ್ಟ್ ಕಡೆಗೆ ಎಳೆದು ಹಿಡಿಯುವ ರೆಸಿಸ್ಟರ್, ಇಲ್ಲವೇ ಇಲ್ಲ. ನೀವು ಬರೆದರೂ ಚಿಪ್ ಸುಮ್ನೆ ಇರುತ್ತದೆ, ತಪ್ಪು ಅಂತಲೂ ಹೇಳುವುದಿಲ್ಲ. ಸ್ವಿಚ್ ತೆರೆದಿದ್ದಾಗ ಆ ಪಿನ್ ಎತ್ತಲೂ ಸೇರದೆ ಗಾಳಿಯಲ್ಲಿ ತೂಗಾಡುತ್ತದೆ. ನಿಮ್ಮ ಉದ್ದದ ತಂತಿ ಆಂಟೆನಾ ಆಗುತ್ತದೆ, ನಿಮ್ಮ ಕೈಯೇ ಮಳೆ.

27ಕ್ಕೆ ಬದಲಿಸಿ. 36, 39 ಎರಡಕ್ಕೆ ಇನ್ನೊಂದು ರೋಗವೂ ಇದೆ, ಒಳಗಿನ ಎಡಿಸಿ (ವೋಲ್ಟ್ ಅಳೆಯುವ ಭಾಗ) ಏಳುವಾಗ ಅವು ಕ್ಷಣ ಮಾತ್ರ ಸೊನ್ನೆ ವೋಲ್ಟ್ ಕಡೆಗೆ ಇಳಿಯುತ್ತವೆ. ಎಣಿಸುವ ಕೆಲಸಕ್ಕೆ ಅವು ಬೇಡ. 12ಕ್ಕೂ ಹೋಗಬೇಡಿ. ಬೋರ್ಡ್ ಏಳುವಾಗ ಆ ಪಿನ್‌ನಲ್ಲಿ ವೋಲ್ಟೇಜ್ ಇದ್ದರೆ ಪ್ರೋಗ್ರಾಮ್ ಕೂತಿರುವ ಫ್ಲ್ಯಾಶ್ ಚಿಪ್‌ಗೆ 3.3 ವೋಲ್ಟ್ ಬದಲು 1.8 ವೋಲ್ಟ್ ಹೋಗಿ ಬೋರ್ಡ್ ಏಳುವುದೇ ಇಲ್ಲ.

ತಂತಿ ಎಷ್ಟು ಉದ್ದ?

ಜಗಲಿಕಟ್ಟೆ

ಅಂಗಳದಿಂದ ಜಗಲಿಗೆ ಸುಮಾರು 40 ಅಡಿ. ಮನೆಯಲ್ಲಿದ್ದ ಸಾದಾ ವಯರ್.

ಬೆಸುಗೆ

ಅಷ್ಟು ದೂರಕ್ಕೆ ಒಳಗಿನ ಪುಲ್‌ಅಪ್ ಸಾಕಾಗುವುದಿಲ್ಲ. ಅದು ಸುಮಾರು 45 ಕಿಲೋ ಓಮ್, ತೀರಾ ಮೆತ್ತಗೆ. ಹೊರಗಿನಿಂದ 4.7 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಪಿನ್ 27 ಮತ್ತು 3.3 ವೋಲ್ಟ್ ನಡುವೆ ಹಾಕಿ. 5 ವೋಲ್ಟ್‌ಗೆ ಕಟ್ಟಬೇಡಿ, ಈ ಚಿಪ್ ತಡೆಯುವುದಿಲ್ಲ. ಪಿನ್‌ನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಸಾದಾ ವಯರ್ ಬದಲು ಲ್ಯಾನ್ ಕೇಬಲಿನ ಒಂದು ಹೆಣೆದ ಜೋಡಿ ಬಳಸಿ.

ಇಷ್ಟಾದ ಮೇಲೂ ರೀಡ್ ಸ್ವಿಚ್ ಕೂಡುವಾಗ ಸ್ವಲ್ಪ ನಡುಗುತ್ತದೆ. ಒಂದು ಮಗುಚು ಎರಡು, ಮೂರಾಗಿ ಎಣಿಕೆಯಾಗುತ್ತದೆ. ಅದಕ್ಕೆ ಒಂದು ಎಣಿಕೆ ಆದ ಮೇಲೆ ಅರ್ಧ ಸೆಕೆಂಡ್ ಬಂದದ್ದನ್ನೆಲ್ಲ ಬಿಟ್ಟುಬಿಡಿ.

ಕೊನೆಬೆಂಚು

ಅರ್ಧ ಸೆಕೆಂಡ್ ಜಾಸ್ತಿ ಆಗುವುದಿಲ್ಲವಾ? ಜೋರು ಮಳೆಯಲ್ಲಿ ನಿಜವಾದ ಎಣಿಕೆಯೂ ತಪ್ಪುತ್ತದೆ ಅಲ್ವಾ?

ಬೆಸುಗೆ

ಲೆಕ್ಕ ಹಾಕಿ ನೋಡಪ್ಪಾ. ಗಂಟೆಗೆ 4 ಇಂಚಿನ ಹಾಗೆ ಹೊಯ್ದರೂ ಗಂಟೆಗೆ ಸುಮಾರು 364 ಸಲ ಮಗುಚುತ್ತದೆ. ಹತ್ತು ಸೆಕೆಂಡಿಗೆ ಒಂದು. ಅರ್ಧ ಸೆಕೆಂಡ್ ಎಲ್ಲಿಗೂ ತಗಲುವುದಿಲ್ಲ.

ಹೂಮಳೆ

ಗಂಟೆಗೆ 4 ಇಂಚು ಬಿದ್ದರೆ ನಾವು ಬೋರ್ಡ್ ನೋಡುತ್ತಾ ಕೂರುವುದಿಲ್ಲ, ಗುಡ್ಡ ನೋಡುತ್ತೇವೆ.

ಒಂದು ಮಾತು, ತಂತಿ ವಿಷಯ ಬಂದದ್ದಕ್ಕೆ. ಏಪ್ರಿಲ್, ಮೇ ಗುಡುಗಿಗೆ ನಮ್ಮಲ್ಲಿ ಎರಡು ಸಲ ಮೋಡೆಮ್ ಸುಟ್ಟಿದೆ. ಅಂಗಳಕ್ಕೆ ಎಳೆದ ಉದ್ದದ ತಂತಿ ಸಿಡಿಲನ್ನು ಮನೆಗೆ ಕರೆದ ಹಾಗೆ. ಸಿಡಿಲು ಜೋರಿದ್ದಾಗ ಕಿತ್ತಿಡುವ ಹಾಗೆ ನಡುವೆ ಒಂದು ಸಾಕೆಟ್ ಇಟ್ಟುಕೊಳ್ಳಿ.

ಜಗಲಿಕಟ್ಟೆ

ಕಿತ್ತಿಟ್ಟರೆ ಆ ಮಳೆ ಲೆಕ್ಕಕ್ಕೆ ಬರುವುದಿಲ್ಲವಲ್ಲ! ನಮ್ಮಲ್ಲಿ ಹೂಮಳೆ ಗುಡುಗಿಲ್ಲದೆ ಬರುವುದೇ ಇಲ್ಲ.

ಹೂಮಳೆ

ಅದಕ್ಕೇ ಅಪ್ಪನ ಗಾಜಿನ ಲೋಟ ಬಿಸಾಡಬೇಡಿ.

ಬೆಸುಗೆ

ತಂತಿಯೇ ಬೇಡ ಅಂದರೆ ಲೋರಾ ಇದೆ, ಕಮ್ಮಿ ಕರೆಂಟಲ್ಲಿ ದೂರ ಹೋಗುವ ರೇಡಿಯೋ. ಹೆಲ್‌ಟೆಕ್‌ನವರ ಬೋರ್ಡ್‌ಗಳಲ್ಲಿ 128×64ರ ಒಎಲ್‌ಇಡಿ ಪರದೆಯ ಜೊತೆ ಲೋರಾ ರೇಡಿಯೋ ಒಟ್ಟಿಗೇ ಇರುತ್ತದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಮಾಪಕದ ಹತ್ತಿರ ಒಂದು, ಜಗಲಿಯಲ್ಲಿ ಒಂದು. ಕೊಳ್ಳುವಾಗ 433ರದ್ದು ತರಬೇಡಿ, ಆಂಟೆನಾ ಹಾಕದೆ ಕಳಿಸುವುದಕ್ಕೆ ಹೋಗಬೇಡಿ. ಆದರೆ ಅದು ಮುಂದಿನ ವರ್ಷದ ಕೆಲಸ. ಈಗ ಇದನ್ನು ಮುಗಿಸಿ.

ಜಗಲಿಕಟ್ಟೆ (ಗುರುವಾರ ರಾತ್ರಿ)

27ಕ್ಕೆ ಬದಲಿಸಿ, ರೆಸಿಸ್ಟರ್, ಕೆಪಾಸಿಟರ್ ಹಾಕಿದೆ. ಬಿಸಿಲಿದ್ದರೆ ಸೊನ್ನೆ. ಕೈ ಆಡಿಸಿದರೂ ಸೊನ್ನೆ. ಚೊಂಬಲ್ಲಿ ನೀರು ಹುಯ್ದರೆ ಒಂದೊಂದೇ ಏರುತ್ತದೆ.

ಎರಡು ಪ್ರಶ್ನೆ. ಕರೆಂಟ್ ಹೋಗಿ ಬಂದರೆ ಎಣಿಕೆ ಮತ್ತೆ ಸೊನ್ನೆ. ಮಳೆ ಬಂದಾಗ ಕರೆಂಟ್ ಇರುವುದೇ ಅಪರೂಪ, ಹಾಗಾಗಿ ಇದು ದೊಡ್ಡ ವಿಷಯ. ಎರಡನೆಯದು, ದಿನ ಎಲ್ಲಿಂದ ಎಲ್ಲಿಗೆ?

ಕೊನೆಬೆಂಚು

ಪ್ರಿಫರೆನ್ಸಸ್ ಲೈಬ್ರರಿಯಿಂದ ಎಣಿಕೆಯನ್ನು ಫ್ಲ್ಯಾಶಲ್ಲಿ ಬರೆದಿಡಬಹುದು, ಕರೆಂಟ್ ಹೋದರೂ ಅಲ್ಲಿ ಉಳಿಯುತ್ತದೆ. ಆದರೆ ಪ್ರತಿ ಮಗುಚಿಗೂ ಬರೆಯಬೇಡಿ. ಫ್ಲ್ಯಾಶ್ ಒಂದು ಲಕ್ಷ ಸಲ ಅಳಿಸಿದರೆ ಸವೆಯುತ್ತದೆ. ಗಂಟೆಗೆ ಒಮ್ಮೆ ಸಾಕು.

ಬೆಸುಗೆ

ಇದನ್ನು ಒಪ್ಪುವುದಿಲ್ಲ. ಪ್ರತಿ ಮಗುಚಿಗೂ ಬರೆಯಿರಿ. ಅದು ಒಂದೇ ಜಾಗವನ್ನು ಅಳಿಸಿ ಅಳಿಸಿ ಬರೆಯುವುದಿಲ್ಲ. 4 ಕೆಬಿಯ ಒಂದು ಪುಟದಲ್ಲಿ 126 ಸಾಲು ಇವೆ. ಹೊಸದನ್ನು ಮುಂದಿನ ಸಾಲಲ್ಲಿ ಬರೆದು ಹಳೆಯದಕ್ಕೆ ಅಡ್ಡಗೆರೆ ಎಳೆಯುತ್ತದೆ, ಅಪ್ಪನ ಪುಸ್ತಕದ ಹಾಗೇ. ಪುಟ ತುಂಬಿದ ಮೇಲಷ್ಟೇ ಅಳಿಸುವ ಮಾತು. ವರ್ಷಕ್ಕೆ 100 ಇಂಚು ಅಂತಿಟ್ಟುಕೊಳ್ಳಿ. ಸುಮಾರು 9,090 ಮಗುಚು. ಪುಟ ಅಳಿಸುವುದು ವರ್ಷಕ್ಕೆ ಹೆಚ್ಚೆಂದರೆ 72, 73 ಸಲ. ಲಕ್ಷ ಆಗುವಷ್ಟರಲ್ಲಿ ತೋಟ ಯಾರ ಹೆಸರಲ್ಲಿರುತ್ತದೋ.

ಕೊನೆಬೆಂಚು

ಸರಿ, ಸರಿ. ಲೆಕ್ಕ ಹಾಕದೆ ಹೇಳಿದೆ.

ಸಮಯಕ್ಕೆ ವೈಫೈ ಇದ್ದರೆ ಎನ್‌ಟಿಪಿ, ಅಂದರೆ ನೆಟ್‌ನಿಂದ ಗಂಟೆ ತರಿಸುವುದು. ನಮ್ಮ ಐದೂವರೆ ಗಂಟೆಗೆ 19800 ಸೆಕೆಂಡ್ ಕೊಡಿ. ಟೈಮ್‌ಝೋನ್ ಅಕ್ಷರದಲ್ಲಿ ಬರೆಯುವುದಾದರೆ ಐಎಸ್‌ಟಿ ಮುಂದೆ ಮೈನಸ್ 5:30 ಬರೆಯಬೇಕು, ಪ್ಲಸ್ ಅಲ್ಲ. ಅಲ್ಲಿ ಚಿಹ್ನೆ ಉಲ್ಟಾ. ಈ ಬೋರ್ಡ್ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ನೋಡುತ್ತದೆ, 5ರದ್ದು ಕಾಣುವುದಿಲ್ಲ.

ಬೆಸುಗೆ

ತೋಟದ ಮನೆಯಲ್ಲಿ ನೆಟ್ ನಂಬಿ ಕೂರಬೇಡಿ. ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದು ಹಾಕಿ. ಪಿನ್ 21, 22ಕ್ಕೆ ಸೇರಿಸಿದರೆ ಆಯಿತು. ಆದರೆ ಸುಲಭವಾಗಿ ಸಿಗುವ ನೀಲಿ ಮಾಡ್ಯೂಲಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದಾರಿ ಇದೆ. ಅದರಲ್ಲಿ ಸಾದಾ ಸಿಆರ್2032 ಬಿಲ್ಲೆ ಹಾಕಿ 5 ವೋಲ್ಟ್ ಕೊಟ್ಟರೆ ಬಿಲ್ಲೆ ಉಬ್ಬಬಹುದು. 3.3 ವೋಲ್ಟ್ ಕೊಡಿ, ಆ ದಾರಿಯ ಡಯೋಡನ್ನೂ ತೆಗೆದುಬಿಡಿ.

ಹೂಮಳೆ

ದಿನದ ಲೆಕ್ಕ: ಹವಾಮಾನ ಇಲಾಖೆಯವರದ್ದು ಬೆಳಿಗ್ಗೆ 8.30ರಿಂದ ಮರುದಿನ 8.30. ನಿಮ್ಮ ಅಪ್ಪನದ್ದು ಏಳು ಗಂಟೆ. ಮನೆಯಲ್ಲಿ ಶಾಂತಿ ಬೇಕಿದ್ದರೆ ಏಳೇ ಇಡಿ.

ಜಗಲಿಕಟ್ಟೆ (ಶನಿವಾರ)

ಏಳೇ ಇಟ್ಟೆ. ಗಡಿಯಾರವೂ ಕೂತಿತು.

ಈಗ ಕೊನೆಯದು ಅಂದುಕೊಂಡಿದ್ದ ಕೆಲಸ. ಪರದೆಯಲ್ಲಿ "ರೇನ್ ಟುಡೇ" ಅಂತ ಇಂಗ್ಲಿಷಲ್ಲಿ ಬರುತ್ತಿತ್ತು. ಅಪ್ಪನಿಗೆ ಅಂಕಿ ಓದಲು ಬರುತ್ತದೆ, ಯಾವುದು ಇವತ್ತಿನದು ಯಾವುದು ನಿನ್ನೆಯದು ಅಂತ ಗೊತ್ತಾಗುವುದಿಲ್ಲ. ಕನ್ನಡ ಹಾಕೋಣ ಅಂತ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಲೈಬ್ರರಿಯ ನಯವಾದ ಫಾಂಟ್ ರೂಪಕ್ಕೆ ಬದಲಿಸಿ ಹಾಕಿದೆ. "ಮಳೆ" ಅಂತ ಬರೆದರೆ ಮ, ಳ, ಪಕ್ಕದಲ್ಲಿ ಬೇರೆಯಾಗಿ ಒಂದು ಎತ್ವ. "ನಿನ್ನೆ" ಅಂತೂ ನೋಡುವ ಹಾಗಿಲ್ಲ. ಗುಡಿಸು ಒಂದು ಕಡೆ, ಒತ್ತು ಒಂದು ಕಡೆ. ಒಂದನೇ ಕ್ಲಾಸಿನ ಮಗು ಅಕ್ಷರದ ಬಿಲ್ಲೆ ಚೆಲ್ಲಿದ ಹಾಗೆ.

ಒತ್ತಕ್ಷರ (ಚಿಕ್ಕಮಗಳೂರು)

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇದು ನನ್ನ ಕ್ಷೇತ್ರ.

ನಿಮ್ಮ ಫಾಂಟ್ ಸರಿ ಇದೆ, ಬೋರ್ಡ್ ಸರಿ ಇದೆ. ಯೂನಿಕೋಡಲ್ಲಿ ಕನ್ನಡ 0ಸಿ80ರಿಂದ 0ಸಿಎಫ್‌ಎಫ್ ತನಕ ಕೂತಿದೆ. ಅಲ್ಲಿ "ನಿನ್ನೆ" ಅಂದರೆ ಆರು ಸಂಕೇತ: ನ, ಗುಡಿಸು, ನ, ಅರ್ಧಕದ ಗುರುತು, ನ, ಎತ್ವ. ನ ಜೊತೆ ಗುಡಿಸು ಸೇರಿದರೆ ತಲೆಕಟ್ಟು ಹೋಗಿ ಆಕಾರವೇ ಬದಲಾಗಬೇಕು, ಎರಡನೇ ನ ಒತ್ತಾಗಿ ಕೆಳಗಿಳಿಯಬೇಕು, ಎತ್ವ ಹಿಂದಿನ ನಕಾರದ ತಲೆಗೆ ಹತ್ತಬೇಕು ಅನ್ನುವ ನಿಯಮಗಳು ಫಾಂಟ್ ಒಳಗೆ ಇವೆ. ಅವನ್ನು ಓದಿ ಜೋಡಿಸುವ ಕೆಲಸ ಫೋನಲ್ಲಿ, ಕಂಪ್ಯೂಟರಲ್ಲಿ ಬೇರೊಂದು ತಂತ್ರಾಂಶ ಮಾಡುತ್ತದೆ. ಈ ಪುಟ್ಟ ಲೈಬ್ರರಿಯಲ್ಲಿ ಅದು ಇಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ ಇಡುತ್ತಾ ಹೋಗುತ್ತದೆ ಅಷ್ಟೇ. ಇಂಗ್ಲಿಷಿಗೆ ಅಷ್ಟು ಸಾಕು.

ನಿಮಗೆ ಬೇಕಾದ ಪದ ಎಷ್ಟು?

ಜಗಲಿಕಟ್ಟೆ

ಇಂದು, ನಿನ್ನೆ, ಈ ವಾರ, ಒಟ್ಟು, ಇಂಚು, ಸೆಂಟ್, ಮಳೆ ಇಲ್ಲ. ಇಷ್ಟೇ.

ಒತ್ತಕ್ಷರ

ಹಾಗಾದರೆ ಅಕ್ಷರದ ಗೋಜೇ ಬೇಡ. ಪದಗಳನ್ನೇ ಚಿತ್ರ ಮಾಡಿ. ಕಂಪ್ಯೂಟರಲ್ಲಿ ಚಿತ್ರ ಬಿಡಿಸುವ ಗಿಂಪ್ ತೆರೆದು, ಕಪ್ಪು ಬಿಳುಪಿನಲ್ಲಿ ಪದ ಬರೆದು, ಎಕ್ಸ್‌ಬಿಎಂ ಅಂತ ಉಳಿಸಿ. ಅದು ತೆರೆದು ನೋಡಿದರೆ ಸಿ ಭಾಷೆಯ ಪಟ್ಟಿಯೇ. ನೇರವಾಗಿ ಪ್ರೋಗ್ರಾಮಿಗೆ ಅಂಟಿಸಬಹುದು. 120×40 ಚುಕ್ಕೆಯ ಒಂದು ಪದಕ್ಕೆ 600 ಬೈಟ್. ಏಳು ಪದಕ್ಕೆ 4,200. ನಿಮ್ಮ ಬೋರ್ಡಲ್ಲಿ ಕನಿಷ್ಠ 4 ಎಂಬಿ ಫ್ಲ್ಯಾಶ್ ಇದೆ, ಅದಕ್ಕೆ ಇದು ತುಳಸಿ ದಳದಷ್ಟು.

ಗಿಂಪ್ ಬದಲು ಪೈಥಾನ್ ಭಾಷೆಯ ಚಿತ್ರದ ಲೈಬ್ರರಿ ಪಿಲ್ಲೋ ಬಳಸಿದರೆ ರಾಕ್ಮ್ ಅನ್ನುವ ಜೋಡಣೆಯ ಭಾಗ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲೂ ಇದೇ ಬಿಲ್ಲೆ ಚೆಲ್ಲಾಟ.

ತೋರಿಸುವಾಗ ಡ್ರಾ-ಎಕ್ಸ್-ಬಿಟ್‌ಮ್ಯಾಪ್ ಬಳಸಿ. ಡ್ರಾ-ಬಿಟ್‌ಮ್ಯಾಪ್ ಬೇರೆ. ಎರಡರಲ್ಲಿ ಬಿಟ್‌ಗಳ ಸಾಲು ಉಲ್ಟಾ. ತಪ್ಪಿದರೆ ಪ್ರತಿ ಎಂಟು ಚುಕ್ಕೆಯ ಪಟ್ಟಿ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತದೆ. ಪದ ಇದೆ ಅನಿಸುತ್ತದೆ, ಓದಲು ಬರುವುದಿಲ್ಲ.

ಫಾಂಟ್ ದಪ್ಪಗಿರಲಿ. "ಬಲೂ ತಮ್ಮ" ಅನ್ನುವ ಫಾಂಟ್ ಒಳ್ಳೆಯದು. ತೆಳ್ಳಗಿನ ಫಾಂಟಲ್ಲಿ ಒತ್ತಕ್ಷರ ಎರಡು ಚುಕ್ಕೆಗೆ ಇಳಿದು ಕಸದ ಹಾಗೆ ಕಾಣುತ್ತದೆ. ಅಂಕಿಗೆ ತೊಂದರೆ ಇಲ್ಲ. ೦ ಇಂದ ೯ ಒಂದೊಂದೂ ಒಂಟಿ ಆಕಾರ, ಯಾವ ಜೋಡಣೆಯೂ ಬೇಡ. ನಿಮ್ಮ ಫಾಂಟ್ ದಾರಿಯಲ್ಲೇ ಬರುತ್ತವೆ.

ಕೊನೆಬೆಂಚು

ಪದ ಬದಲಾಗುತ್ತಾ ಇದ್ದರೆ? ನಮ್ಮ ಪ್ರಾಜೆಕ್ಟಿಗೆ ಬಸ್ ನಿಲ್ದಾಣದ ಹೆಸರು ತೋರಿಸಬೇಕು. ಎಲ್ಲ ಊರಿಗೂ ಚಿತ್ರ ಮಾಡುತ್ತಾ ಕೂರಬೇಕಾ?

ಒತ್ತಕ್ಷರ

ಅದಕ್ಕೆ ಒಂದು ಹಳೇ ದಾರಿ ಇದೆ. ನಗಬೇಡಿ. ನುಡಿ.

ಯೂನಿಕೋಡ್ ಬರುವ ಮುಂಚಿನ ನುಡಿ ಫಾಂಟ್‌ಗಳು ಇವೆಯಲ್ಲ, ಡಿಟಿಪಿ ಅಂಗಡಿಗಳಲ್ಲಿ ಈಗಲೂ ಓಡುತ್ತವೆ. ಅದರಲ್ಲಿ ಅಕ್ಷರಕ್ಕೆ ಸಂಕೇತ ಇಲ್ಲ, ಆಕಾರದ ತುಂಡಿಗೆ ಸಂಕೇತ. "ಕನ್ನಡ" ಅಂದರೆ ಏಳು ತುಂಡು: ಕಕಾರದ ಮೈ, ತಲೆಕಟ್ಟು, ನಕಾರದ ಮೈ, ತಲೆಕಟ್ಟು, ನ ಒತ್ತು, ಡಕಾರದ ಮೈ, ತಲೆಕಟ್ಟು. ಕಣ್ಣಿಗೆ ಕಾಣುವ ಸಾಲಲ್ಲೇ ಒಂದರ ಪಕ್ಕ ಒಂದು. ಜೋಡಿಸುವ ತಂತ್ರಾಂಶ ಬೇಕಿಲ್ಲ. ನಾವು ಇಷ್ಟು ವರ್ಷ ಬೈದುಕೊಂಡ ಪದ್ಧತಿಯೇ ಈ ಪೆದ್ದು ಲೈಬ್ರರಿಗೆ ಸರಿಯಾಗಿ ಹೊಂದುತ್ತದೆ.

ಎರಡು ಮುಳ್ಳು ಇವೆ. ಲೈಬ್ರರಿ ತಾನಾಗಿ ಯುಟಿಎಫ್-8 (ಯೂನಿಕೋಡ್ ಬರೆದಿಡುವ ರೂಪ) ಅಂತ ಓದಲು ಹೋಗುತ್ತದೆ, ಆ ಸ್ವಿಚ್ ಆಫ್ ಮಾಡಬೇಕು. ಮತ್ತೆ, ಫಾಂಟ್ ಬದಲಿಸುವಾಗ 128ರಿಂದ 159ರ ನಡುವಿನ ತುಂಡುಗಳು ವಿಂಡೋಸಿನ ಪಟ್ಟಿಯ ಪ್ರಕಾರ ಬೇರೆ ಕಡೆ ಹೋಗಿ ಕೂತಿರುತ್ತವೆ, ಅವನ್ನು ಹುಡುಕಿ ತರಬೇಕು. ಒಂದು ಭಾನುವಾರದ ಕೆಲಸ.

ಬೆಸುಗೆ

ಮೂವತ್ತು ವರ್ಷ ಸೋಲ್ಡರಿಂಗ್ ಮಾಡಿದ್ದೇನೆ, ತಲೆಕಟ್ಟಿಗೆ ಬೆಸುಗೆ ಹಾಕುವುದನ್ನು ಇವತ್ತೇ ಕೇಳಿದ್ದು.

ಜಗಲಿಕಟ್ಟೆ (ಮಂಗಳವಾರ ಬೆಳಿಗ್ಗೆ)

ನಿನ್ನೆ ರಾತ್ರಿ ಮಳೆ ಬಂತು! ಒಂಬತ್ತೂವರೆಗೆ ಗುಡುಗು, ಹತ್ತಕ್ಕೆ ಸುರಿಯಿತು. ಕರೆಂಟ್ ಹೋಯಿತು, ಪವರ್‌ಬ್ಯಾಂಕಲ್ಲಿ ಬೋರ್ಡ್ ಓಡುತ್ತಿತ್ತು. ಸಾಕೆಟ್ ಕೀಳಬೇಕು ಅಂತ ಗೊತ್ತಿದ್ದೂ ಕೀಳಲಿಲ್ಲ, ಬೈಯಬೇಡಿ. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಒಂದೊಂದು ಸಲ ಅಂಕಿ ಏರಿದಾಗ ಓದಿ ಹೇಳುತ್ತಿದ್ದರು. ಅಮ್ಮ ಮಲಗಿ ಅಂತ ಎರಡು ಸಲ ಕೂಗಿದರು.

ಬೆಳಿಗ್ಗೆ ನೋಡಿದರೆ ಬೋರ್ಡಲ್ಲಿ 99 ಮಗುಚು, ಇಂದು ೧ ಇಂಚು ೯ ಸೆಂಟ್. ಅಪ್ಪ ಆದರೂ ಇಳಿದು ಹೋಗಿ ಗಾಜಲ್ಲಿ ಅಳೆದರು. 1 ಇಂಚು 12 ಸೆಂಟ್. ಪುಸ್ತಕದಲ್ಲಿ 1.12 ಬರೆದರು. "ನಿನ್ನ ಯಂತ್ರ ಮೂರು ಸೆಂಟ್ ತಿಂದಿದೆ" ಅಂದರು. ನಾನು 0.2794 ಅಂತ ಕಂಪನಿಯೇ ಕೊಟ್ಟಿದೆ ಅಂದೆ. "ಕಂಪನಿಯವನು ನಮ್ಮ ಅಂಗಳಕ್ಕೆ ಬಂದಿದ್ದನಾ" ಅಂತ ಕೇಳಿದರು.

ಹೂಮಳೆ

ಮೊದಲು ಮೇಲಿನ ಲಾಳಿಕೆ ನೋಡಿ. ಸಿಲ್ವರ್ ಓಕ್ ಎಲೆ ಬಿದ್ದಿರುತ್ತದೆ. ಇಲ್ಲ ಒಳಗೆ ಇರುವೆ ಗೂಡು ಕಟ್ಟಿರುತ್ತದೆ.

ಬೆಸುಗೆ

ಎಲೆ ಇಲ್ಲದಿದ್ದರೆ ಅಳತೆ ಸರಿ ಮಾಡಬೇಕು. ಲಾಳಿಕೆಯ ಬಾಯಿ ಎಷ್ಟು? 11 ಸೆಂಟಿಮೀಟರ್‌ಗೆ 5 ಇದ್ದರೆ 55 ಚದರ ಸೆಂಟಿಮೀಟರ್. 100 ಎಂಎಲ್ ನೀರು ಹಾಕಿದರೆ 65 ಸಲ ಮಗುಚಬೇಕು. ಒಮ್ಮೆಲೇ ಸುರಿಯಬೇಡಿ, ಜೋರಾಗಿ ಹುಯ್ದರೆ ಬಟ್ಟಲು ಮಗುಚುವಷ್ಟರಲ್ಲಿ ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಬಾಟಲಿ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ, ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ. ಮಾಪಕ ಸಮನಾಗಿ ಕೂತಿದೆಯಾ, ನೀರು ಮಟ್ಟ ಇಟ್ಟು ನೋಡಿ.

ಜಗಲಿಕಟ್ಟೆ (ಮಂಗಳವಾರ ಸಂಜೆ)

ಎಲೆ ಇಲ್ಲ, ಇರುವೆ ಇಲ್ಲ, ಮಟ್ಟ ಸರಿ ಇದೆ. ಮೂರು ಸಲ 100 ಎಂಎಲ್ ತೊಟ್ಟಿಕ್ಕಿಸಿದೆ. ಮೂರು ಸಲವೂ 63.

ಅಂದರೆ ನನ್ನ ಬಟ್ಟಲು ಒಂದು ಸಲಕ್ಕೆ 1.1 ಅಲ್ಲ, 1.136 ಸೆಂಟ್ ಹಿಡಿಯುತ್ತದೆ. 99ಕ್ಕೆ ಗುಣಿಸಿದೆ. 112.5 ಸೆಂಟ್.

1 ಇಂಚು 12.

ಒತ್ತಕ್ಷರ

ಅಪ್ಪನಿಗೆ ಹೇಳಿದಿರಾ?

ಜಗಲಿಕಟ್ಟೆ

ಹೇಳಿದೆ. "ಹೂಂ" ಅಂದರು ಅಷ್ಟೇ. ಆಮೇಲೆ ಕನ್ನಡಕ ಹಾಕಿಕೊಂಡು ಪರದೆ ಹತ್ತಿರ ಬಗ್ಗಿ ನೋಡಿ, "ಒಟ್ಟು ಅನ್ನುವುದರ ಟ ಒತ್ತು ಕೆಳಗೆ ಕತ್ತರಿಸಿಹೋಗಿದೆಯಲ್ಲ, ಅದನ್ನು ಯಾವಾಗ ಸರಿ ಮಾಡುತ್ತೀಯ" ಅಂತ ಕೇಳಿದರು.

ಒತ್ತಕ್ಷರ

ಚಿತ್ರ 40ರ ಬದಲು 48 ಚುಕ್ಕೆ ಎತ್ತರ ಮಾಡಿ. 120×48, ಪದಕ್ಕೆ 720 ಬೈಟ್.